ಎಮರ್ಸನ್ ಮಾತು ಕೇಳಿದರೆ ಸ್ನೇಹಿತರು ಉಳೀತಾರಾ?

ಹತ್ತೊಂಬತ್ತನೇ ಶತಮಾನದ ಅಮೆರಿಕದ ಚಿಂತಕ ರಾಲ್ಫ್ ವಾಲ್ಡೊ ಎಮರ್ಸನ್ ಪುಸ್ತಕ ಯಾರಿಗೆ ಓದೋಕೆ ಕೊಟ್ಟರೂ ಇದೇ ಪ್ರಶ್ನೆ. 'ನಿನ್ನನ್ನು ನೀನು ನಂಬು' ಅಂತ ಹೊರಟರೆ ಜೊತೆಗೆ ಯಾರಿರುತ್ತಾರೆ? ಇರುತ್ತಾರೆ, ಆದರೆ ಎಲ್ಲರೂ ಅಲ್ಲ.

1832ರಲ್ಲಿ ಎಮರ್ಸನ್ ಬಾಸ್ಟನ್‌ನಲ್ಲಿ ಪಾದ್ರಿ. ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ವಿಧಿ ನಡೆಸಲು ಮನಸ್ಸು ಒಪ್ಪಲಿಲ್ಲ. ಅದನ್ನು ಸಭೆಯ ಮುಂದೆಯೇ ಹೇಳಿ, ಕೆಲಸ ಬಿಟ್ಟ. ವಿಧಿಯ ಮೇಲೆ ದ್ವೇಷವಿಲ್ಲ, ನೀವು ನಡೆಸಿಕೊಳ್ಳಿ, ನನ್ನಿಂದ ಆಗಲ್ಲ ಅನ್ನುವ ಧಾಟಿ. ಜನರನ್ನೇ ಬಿಟ್ಟು ಕಾಡಿಗೆ ಹೋಗಲಿಲ್ಲ ನೋಡಿ.

'ನಿನ್ನನ್ನು ನೀನು ನಂಬು' ಅನ್ನುವ ಸ್ವಾವಲಂಬನೆಯ ಪ್ರಬಂಧ ಇರುವ 1841ರ ಪುಸ್ತಕದಲ್ಲೇ ಸ್ನೇಹದ ಬಗ್ಗೆಯೂ ಒಂದು ಪ್ರಬಂಧವಿದೆ. ಜನ ಅದನ್ನು ಸುಮ್ನೆ ದಾಟಿಬಿಡುತ್ತಾರೆ. ಗೆಳೆಯನ ಮಾತಿಗೆಲ್ಲ ಹೂಂಗುಡುವ ಬದಲು ತುರಿಕೆ ಗಿಡದಂತೆ ಅವನ ಪಕ್ಕೆಗೆ ಚುಚ್ಚೋದೇ ಮೇಲು ಅನ್ನುತ್ತಾನೆ ಅದರಲ್ಲಿ.

ಬರೆಯೋದೇನೋ ಸುಲಭ. ಲೇಖಕ ಹೆನ್ರಿ ಥೋರೋ ಥರದ ಗೆಳೆಯ ಸಿಕ್ಕಿದರೆ? ಎಮರ್ಸನ್‌ಗಿಂತ 14 ವರ್ಷ ಚಿಕ್ಕವನು. ಆತನ ಮನೆಯಲ್ಲೇ ಎರಡು ವರ್ಷ ಇದ್ದ, ತೋಟ ನೋಡಿಕೊಂಡ, ಮಕ್ಕಳ ಜೊತೆ ಆಡಿದ. 1845ರಲ್ಲಿ ವಾಲ್ಡನ್ ಕೊಳದ ಪಕ್ಕ ಗುಡಿಸಲು ಹಾಕಿದ್ದೂ ಎಮರ್ಸನ್ ಜಾಗದಲ್ಲಿ. ಆದರೆ ಮಾತಿಗೆ ಮಾತು ಕೊಡದೆ ಬಿಡುವ ಆಸಾಮಿಯಲ್ಲ. ಮುಂದೆ ಇಬ್ಬರಿಗೂ ಮನಸ್ತಾಪವಾಯಿತು, ಸಂಬಂಧ ಮಾತ್ರ ಕಡಿಯಲಿಲ್ಲ. 1862ರಲ್ಲಿ ಥೋರೋ ತೀರಿಕೊಂಡಾಗ ನುಡಿನಮನ ಸಲ್ಲಿಸಿದ್ದು ಎಮರ್ಸನ್ನೇ. ಅದು ಅಚ್ಚಾದಾಗ ನೋಡಿದರೆ, ಹೊಗಳಿಕೆಯ ನಡುವೆ ಒಂದು ದೂರು: ಇಡೀ ಅಮೆರಿಕಕ್ಕೆ ಯೋಜನೆ ಹಾಕಬಲ್ಲವನು ಕಾಡುಹಣ್ಣು ಆರಿಸುವವರ ನಾಯಕನಾಗಿ ಉಳಿದುಬಿಟ್ಟ! ಸತ್ತವನ ಬಗ್ಗೆ ಅದು ಬೇಕಿತ್ತಾ ಅಂತ ನನಗೆ ಇವತ್ತಿಗೂ ಕಿರಿಕಿರಿ. ಥೋರೋ ಬದುಕಿದ್ದರೆ ಕೂತು ಜಗಳವಾಡುತ್ತಿದ್ದ, ಅಷ್ಟೇ.

1872ರ ಜುಲೈನಲ್ಲಿ ಕಾಂಕರ್ಡ್ ಊರಿನ ಎಮರ್ಸನ್ ಮನೆಗೆ ಬೆಂಕಿ ಬಿತ್ತು. ನೆರೆಯವರು ಓಡಿಬಂದು ಪುಸ್ತಕ, ಕಾಗದಪತ್ರ ಹೊರಗೆ ಸಾಗಿಸಿದರು. ಗೆಳೆಯರು ಕೇಳದೆಯೇ ಹಣ ಕೂಡಿಸಿದರು. ಇಲ್ಲಿಯವರೆಗೆ ನನ್ನ ಕಾಲ ಮೇಲೆ ನಾನೇ ನಿಂತಿದ್ದೆನಲ್ಲ ಅಂತ ಎಮರ್ಸನ್ ಮೊದಲು ಹಿಂದೆಮುಂದೆ ನೋಡಿದ. ಆಮೇಲೆ ತಗೊಂಡ. ನನಗೆ ಆತನ ಮೇಲೆ ಗೌರವ ಜಾಸ್ತಿಯಾಗಿದ್ದು ಇಲ್ಲಿ. ಮಗಳು ಎಲೆನ್ ಜೊತೆ ಯುರೋಪ್, ಈಜಿಪ್ಟ್ ಸುತ್ತಿಕೊಂಡು ಮರುವರ್ಷ ಮೇ ತಿಂಗಳಲ್ಲಿ ವಾಪಸ್ ಬಂದಾಗ ಊರವರು ಗಂಟೆ ಬಾರಿಸಿದರು, ಶಾಲೆ ಮಕ್ಕಳ ಜೊತೆ ಮೆರವಣಿಗೆಯಲ್ಲಿ ಕರೆದುಕೊಂಡು ಹೋಗಿ ರಿಪೇರಿಯಾದ ಮನೆಗೆ ಬಿಟ್ಟುಬಂದರು.