ಮಗ್ಗದ ಕೋಣೆಗೆ ಯಾವ ಲೆನ್ಸ್?

ಹೊಸ ಡಿಎಸ್‌ಎಲ್‌ಆರ್ ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ತೋರಿಸುವುದು ಎರಡು ಲೆನ್ಸಿನ ಕಾಂಬೋ. ನಾನು ನಿಕಾನ್ ಡಿ5600 ತಗೊಳ್ಳಲು ಬೆಳಗಾವಿಗೆ ಹೋದಾಗಲೂ ಹಾಗೇ ಆಯಿತು. 18-55 ಎಂಎಂ ಒಂದು, 70-300 ಎಂಎಂ ಒಂದು. "ಅಕ್ಕಾರ, ಹತ್ತರದ್ದೂ ಬರತೈತಿ, ದೂರದ್ದೂ ಬರತೈತಿ. ಮತ್ತೇನ್ ಬೇಕ್ರಿ?" ಅಂದರು. ಮಾತೇನೋ ನಿಜ. ಆದರೆ ನಾನು ಕ್ಯಾಮೆರಾ ತಗೊಂಡಿದ್ದೇ ಒಂದು ಸಣ್ಣ ಕೋಣೆಗಾಗಿ. ಅಲ್ಲಿ ದೂರ ಅನ್ನುವುದೇ ಇಲ್ಲ, ಬೆಳಕೂ ಕಡಿಮೆ.

ಆ ಕೋಣೆ ಇಳಕಲ್ಲಿನಲ್ಲಿದೆ, ನನ್ನ ಸೋದರಮಾವನ ಮನೆಯಲ್ಲಿ. ಅಲ್ಲಿ ಕುಣಿಮಗ್ಗ ಇದೆ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ನೇಯುವ ಮಗ್ಗ. ಓಣಿಯಲ್ಲಿ ಮೊದಲು ಮನೆಮನೆಗೂ ಲಾಳಿಯ ಸದ್ದು ಕೇಳುತ್ತಿತ್ತು. ಈಗ ಹುಡುಗರು ಗ್ರಾನೈಟ್ ಕೆಲಸಕ್ಕೆ, ಪವರ್‌ಲೂಮಿಗೆ, ಬೆಂಗಳೂರಿಗೆ ಹೋಗಿದ್ದಾರೆ. ಮಾಮಾ ಇನ್ನೂ ನೇಯುತ್ತಾರೆ. ಅವರು ಕೂತು ನೇಯುವುದನ್ನು, ಅತ್ತಿ (ಮಾಮಾನ ಹೆಂಡತಿ) ಪಕ್ಕದಲ್ಲಿ ಎಳೆ ಕೂಡಿಸುವುದನ್ನು ಸರಿಯಾಗಿ ಹಿಡಿದಿಡಬೇಕು ಅನ್ನುವುದು ನನ್ನ ಆಸೆ. ಮೊಬೈಲಿನಲ್ಲಿ ತೆಗೆದರೆ ಕೈ ಇರುವ ಕಡೆ ಬರೀ ಮಸುಕು.

ಫ್ಲಾಶ್ ಹಾಕುವ ಹಾಗಿಲ್ಲ. "ಆ ಬೆಳಕ ಬ್ಯಾಡವ್ವಾ, ಎಳಿ ಕಾಣಂಗಿಲ್ಲ" ಅಂತ ಮಾಮಾ ಹೇಳಿಬಿಟ್ಟಿದ್ದಾರೆ. ಕೆಲಸ ಅವರದು, ಅಲ್ವಾ? ಫೋಟೊಕ್ಕಾಗಿ ಅವರ ಕಣ್ಣು ಕುಕ್ಕಬಾರದು. ಅದೂ ಅಲ್ಲದೆ ಎದುರಿನಿಂದ ಫ್ಲಾಶ್ ಬಿದ್ದರೆ ಎಳೆಗಳ ನೆರಳೆಲ್ಲ ಮಾಯವಾಗಿ ಸೀರೆ ಚಪ್ಪಟೆ ಕಾಗದದ ಹಾಗೆ ಕಾಣುತ್ತದೆ. ಕಿಟಕಿಯಿಂದ ಓರೆಯಾಗಿ ಬರುವ ಬೆಳಕಿನಲ್ಲಿ ನೋಡಿದರೇ ನೇಯ್ಗೆಯ ಗೆರೆ ಎದ್ದು ಬರುವುದು.

ನಾನು ಬಾಗಲಕೋಟೆಯ ನವನಗರದಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತೇನೆ. ಹಾಗಾಗಿ ಲೆನ್ಸ್ ಆರಿಸಲು ಹಿಡಿದದ್ದು ಟೇಪು. ಮಗ್ಗದ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ಕೂತರೆ ಮಾಮಾನ ಕೈಗೂ ಕ್ಯಾಮೆರಾಕ್ಕೂ 8 ಅಡಿ. ಅದಕ್ಕಿಂತ ಹಿಂದೆ ಹೋಗಲು ಜಾಗವಿಲ್ಲ. ಎದುರಿಗೆ ಹೋಗೋಣವೆಂದರೆ ಹಾಸು, ಅಂದರೆ ಮಗ್ಗಕ್ಕೆ ಕಟ್ಟಿದ ಉದ್ದನೆಯ ಎಳೆಗಳು, ಉದ್ದಕ್ಕೆ ಚಾಚಿಕೊಂಡಿರುತ್ತದೆ. ಅದನ್ನು ದಾಟುವ ಮಾತೇ ಇಲ್ಲ.

ಇನ್ನು ಲೆಕ್ಕ. ಹತ್ತನೇ ತರಗತಿಯ ಸಮರೂಪ ತ್ರಿಭುಜ ಗೊತ್ತಿದ್ದರೆ ಸಾಕು. ಡಿ5600ರ ಸೆನ್ಸರ್ (ಒಳಗೆ ಚಿತ್ರ ಹಿಡಿಯುವ ಚಿಪ್) ಅಗಲ 23.5 ಎಂಎಂ. ನೀವು ನಿಲ್ಲುವ ದೂರವನ್ನು ಇದರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ, ಅಂದರೆ ಲೆನ್ಸಿನ ಹೆಸರಿನಲ್ಲಿರುವ ಎಂಎಂ ಅಂಕಿಯಿಂದ, ಭಾಗಿಸಿ. ಬಂದ ಉತ್ತರವೇ ಫೋಟೊದಲ್ಲಿ ಹಿಡಿಸುವ ಅಗಲ. 8 ಅಡಿಯಿಂದ 50 ಎಂಎಂ ಲೆನ್ಸಿನಲ್ಲಿ ಪೌಣೆ ನಾಲ್ಕು ಅಡಿ ಬರುತ್ತದೆ. 35ರಲ್ಲಿ ಸುಮಾರು ಐದೂವರೆ ಅಡಿ. 18ರಲ್ಲಿ ಹತ್ತು ಅಡಿಗಿಂತ ಸ್ವಲ್ಪ ಜಾಸ್ತಿ. 70ರಲ್ಲಿ ಎರಡೂಮುಕ್ಕಾಲು ಅಡಿಯೂ ಇಲ್ಲ.

ಸೀರೆಯ ಅಗಲವೇ ಸುಮಾರು 4 ಅಡಿ. ಅಂದರೆ ಎಲ್ಲರೂ ಹೊಗಳುವ 50 ಎಂಎಂ ಹಾಕಿದರೆ ನಮ್ಮ ಮಗ್ಗದ ಒಂದು ದಡಿ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. 35 ಹಾಕಿದರೆ ಎರಡೂ ದಡಿ, ನಡುವೆ ಮಾಮಾನ ಎರಡೂ ಕೈ, ಆಚೀಚೆ ಲಾಳಿ ಹೋಗಿ ಬರಲು ಒಂದಿಷ್ಟು ಜಾಗ, ಎಲ್ಲ ಕೂಡುತ್ತದೆ. ನನ್ನ ಆಯ್ಕೆ ಅರ್ಧ ಮುಗಿದದ್ದು ಇಲ್ಲೇ.

50 ಎಂಎಂ ಕೆಟ್ಟ ಲೆನ್ಸ್ ಅಂತ ನಾನು ಹೇಳುತ್ತಿಲ್ಲ. ಫಿಲ್ಮ್ ಕಾಲದ ಕ್ಯಾಮೆರಾದಲ್ಲಿ, ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ ಈಗಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಅದು ಬಹಳ ಕೆಲಸಕ್ಕೆ ಬರುವ ಲೆನ್ಸ್. ಸೆನ್ಸರ್ ಸಣ್ಣದಿರುವ ನಮ್ಮಂಥವರ ಕ್ಯಾಮೆರಾದಲ್ಲಿ ಅದೇ ಲೆನ್ಸ್ 75ರ ಹಾಗೆ ಇಕ್ಕಟ್ಟಾಗಿ ನೋಡುತ್ತದೆ. ಅಂಗಳದಲ್ಲಿ ಮಗುವಿನ ಮುಖ ತೆಗೆಯಲು ಚೆಂದ, ಒಳಕೋಣೆಗೆ ಉದ್ದವಾಯಿತು. ಫುಲ್‌ಫ್ರೇಮ್‌ನಲ್ಲಿ 50 ಕೊಡುವ ನೋಟ ನಮಗೆ ಬೇಕಾದರೆ 35ಕ್ಕೇ ಬರಬೇಕು.

ಆದರೆ 35 ಎಂಎಂ ಅನ್ನುವುದು 18-55ರ ಒಳಗೇ ಇದೆಯಲ್ಲ, ಮತ್ತೊಂದು ಲೆನ್ಸ್ ಯಾಕೆ ಅಂತ ನನ್ನ ತಮ್ಮ ಕೇಳಿದ. ಉತ್ತರ ಬೆಳಕಿನಲ್ಲಿದೆ. ಕಿಟ್ ಲೆನ್ಸನ್ನು, ಅಂದರೆ ಕ್ಯಾಮೆರಾ ಜೊತೆಗೇ ಬರುವ ಆ 18-55ನ್ನು, 35ಕ್ಕೆ ತಿರುಗಿಸಿದಾಗ ಅದರ ಕಿಂಡಿ ಸುಮಾರು ಎಫ್/4.5ರ ತನಕ ಮಾತ್ರ ತೆರೆಯುತ್ತದೆ. ನಿಕಾನ್‌ನ 35 ಎಂಎಂ ಒಂಟಿ ಲೆನ್ಸ್ ಎಫ್/1.8ರ ತನಕ ತೆರೆಯುತ್ತದೆ. ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 4.5ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ: ಆರು ಪಟ್ಟಿಗಿಂತ ಜಾಸ್ತಿ ಬೆಳಕು.

ಆರು ಪಟ್ಟು ಅಂದರೆ ಏನು ಅಂತ ಮಗ್ಗದ ಮುಂದೆ ಕೂತಾಗಲೇ ತಿಳಿಯುವುದು. ಮಧ್ಯಾಹ್ನ ಒಂದೇ ಕಿಟಕಿ ತೆರೆದಿದ್ದಾಗ ಕಿಟ್ ಲೆನ್ಸಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ಇಟ್ಟರೂ ಶಟರ್ (ಬೆಳಕು ಒಳಗೆ ಬೀಳುವ ಹೊತ್ತು) 1/30 ಸೆಕೆಂಡಿಗೆ ಬಂದು ನಿಂತಿತು. ಮಾಮಾನ ಮುಖ ಸ್ಪಷ್ಟವಾಗಿ ಬಂತು, ಕೈ ಬರಲಿಲ್ಲ. ಅದೇ ಬೆಳಕು, ಅದೇ ಐಎಸ್‌ಒ, ಎಫ್/1.8 ಆದರೆ ಶಟರ್ 1/200ರ ಹತ್ತಿರ ಹೋಗುತ್ತದೆ. ಹಣಿಗೆ ಎಳೆಯುವ ಬೆರಳು ನಿಂತ ಹಾಗೆ ಸಿಗುತ್ತದೆ. ಅತ್ತಿ ಎಳೆ ಕೂಡಿಸುವಾಗ ಅಷ್ಟು ವೇಗ ಬೇಕಾಗುವುದಿಲ್ಲ. ಆಗ ಐಎಸ್‌ಒ 1600ಕ್ಕೆ ಇಳಿಸಿ 1/50ರಲ್ಲಿ ತೆಗೆಯಬಹುದು, ಫೋಟೊದಲ್ಲಿ ಕಾಳುಕಾಳು ಕಾಣುವುದು ಕಡಿಮೆ.

ಕಿಟ್ ಲೆನ್ಸಿನಲ್ಲಿ ವಿಆರ್ ಇದೆ, ಅದು ಅಲುಗಾಟ ತಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ. ಹೌದು, ತಡೆಯುತ್ತದೆ. ಆದರೆ ಅದು ತಡೆಯುವುದು ಕ್ಯಾಮೆರಾ ಹಿಡಿದ ನಮ್ಮ ಕೈಯ ನಡುಕವನ್ನು ಮಾತ್ರ. ಎದುರಿಗೆ ಕೂತವರ ಕೈ ಓಡುತ್ತಿದ್ದರೆ ವಿಆರ್ ಏನೂ ಮಾಡಲಾರದು. ಈ ವ್ಯತ್ಯಾಸವನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಮೊದಲ ಲೆನ್ಸ್ ಆರಿಸುವಾಗ ಇದಕ್ಕಿಂತ ಮುಖ್ಯವಾದ ವಿಷಯ ನನಗೆ ಬೇರೆ ಕಾಣುವುದಿಲ್ಲ.

ಬಾದಾಮಿಗೆ ಹೋಗಿ ನೋಡಿ, ಅಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಬರೆಸಿದ ಶಾಸನವಿದೆ, ಇಸವಿ 578ರದು. ಅಂದಿನಿಂದ ಅಲ್ಲೇ ಕೂತಿರುವ ಶೇಷನ ಮೇಲಿನ ವಿಷ್ಣು ನಮ್ಮ ಶಟರಿಗೆ ಅಲುಗುವುದಿಲ್ಲ. ಪಡಸಾಲೆ ಕಿರಿದು, ಕಂಬಗಳು ಅಡ್ಡ, ಹಿಂದೆ ಸರಿಯಲು ಜಾಗ ಕಡಿಮೆ. ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಲ್ಲಿ ಕಿಟ್ ಲೆನ್ಸಿನ 18 ಎಂಎಂ ತುದಿಯೂ ವಿಆರ್‌ ಕೂಡ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಕಂಬಕ್ಕೆ ಒರಗಿ, ಉಸಿರು ಹಿಡಿದು, 1/8 ಸೆಕೆಂಡಿನಲ್ಲೂ ಶಿಲ್ಪ ಚೊಕ್ಕವಾಗಿ ತೆಗೆಯಬಹುದು. ಎರಡನೇ ಗುಹೆಯ ಚಾವಣಿಯ ಮೀನಿನ ಚಕ್ರವನ್ನು ನಾನು ಹಾಗೇ ತೆಗೆದದ್ದು. ಪಟ್ಟದಕಲ್ಲಿನ ಬಯಲಲ್ಲಂತೂ ಬೆಳಕಿನ ಚಿಂತೆಯೇ ಇಲ್ಲ. ಹಾಗಾಗಿ ಕಿಟ್ ಲೆನ್ಸ್ ಬೇಡವೇ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕ್ಯಾಮೆರಾ ಜೊತೆ ಅಗ್ಗಕ್ಕೆ ಬರುತ್ತದೆ, ತಗೊಳ್ಳಿ. ದುಡ್ಡು ಕೊಟ್ಟು ಆರಿಸುವ ಮೊದಲ ಲೆನ್ಸ್ ಯಾವುದು ಅನ್ನುವುದಷ್ಟೇ ಪ್ರಶ್ನೆ.

70-300 ಯಾರಿಗೆ? ಆಲಮಟ್ಟಿ ಹಿನ್ನೀರಿಗೆ ಬರುವ ಹಕ್ಕಿಗಳ ಹಿಂದೆ ಬಿದ್ದವರಿಗೆ. ಅವರಿಗೆ 300 ಕೂಡ ಕಡಿಮೆಯೇ. ಅಂಥವರು ಅದನ್ನೇ ಮೊದಲು ತಗೊಳ್ಳಲಿ.

ನಿಕಾನ್ ಡಿಎಸ್‌ಎಲ್‌ಆರ್ ತಗೊಳ್ಳುವವರು ಒಂದು ಸಂಗತಿ ಗಮನಿಸಲೇಬೇಕು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇರುವುದಿಲ್ಲ. ತನ್ನೊಳಗೂ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡರೆ ಫೋಟೊ ಬರುತ್ತದೆ, ಆದರೆ ಪ್ರತಿ ಸಲ ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕು. ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ (ನಮ್ಮ ಕಿಟ್ ಲೆನ್ಸಿನ ಹಾಗೆ) ಎಎಫ್-ಪಿ ಅಂತ ಬರೆದಿದ್ದರೆ ಮೋಟಾರ್ ಲೆನ್ಸಿನಲ್ಲೇ ಇದೆ ಅಂತ ಅರ್ಥ. ನಾನು ತಗೊಂಡದ್ದು ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8 ಜಿ. 200 ಗ್ರಾಂ ತೂಕ. ಜೊತೆಗೆ ಹುಡ್ ಬರುತ್ತದೆ. ಕ್ಯಾನನ್‌ನವರು ಇಂಥದೇ ಜಾಗಕ್ಕೆ ಇಎಫ್-ಎಸ್ 24 ಎಂಎಂ ಎಫ್/2.8 ನೋಡಬಹುದು. ಬಿಸ್ಕತ್ತಿನಷ್ಟು ತೆಳ್ಳಗಿದೆ, ಇಡೀ ಮಗ್ಗ ಹಿಡಿಸುತ್ತದೆ. ಬೆಳಕು ಮಾತ್ರ 1.8ರಷ್ಟು ಬರುವುದಿಲ್ಲ.

ಲೆನ್ಸ್ ಬಂದ ಮೇಲೆ ಮೊದಲು ತೆಗೆಯಬೇಕೆಂದಿದ್ದದ್ದು ಕೊಂಡಿ. ಇಳಕಲ್ ಸೀರೆಯ ಜೀವವೇ ಅದು. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಅತ್ತಿ ತಲೆ ಬಗ್ಗಿಸಿ ಕೂತರೆ ಬೆರಳು ತಾನಾಗಿ ಹೋಗುತ್ತದೆ. ಕಣ್ಣು ಎಳೆ ಬಿಟ್ಟು ಕದಲುವುದಿಲ್ಲ. ನಾನೂ ನೆಲಕ್ಕೇ ಕೂತೆ. ಡಿ5600ರ ಪರದೆ ಹೊರಗೆ ತಿರುಗಿ ಬರುತ್ತದೆ. ಹಾಗಾಗಿ ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ ಮೇಲಿನಿಂದ ನೋಡುತ್ತಾ ತೆಗೆಯಬಹುದು. ಆದರೆ ಹಾಗೆ ಪರದೆ ನೋಡಿ ತೆಗೆಯುವಾಗ ಫೋಕಸ್ ನಿಧಾನ. ಓಡುವ ಕೈಗೆ ವ್ಯೂಫೈಂಡರೇ ಸರಿ.

ಎಫ್/1.8ಕ್ಕೆ ಅದರದೇ ಬೆಲೆ ಇದೆ. ಒಂದು ಮೀಟರ್ ದೂರದಲ್ಲಿ ಫೋಕಸ್ ಸಿಗುವ ದಪ್ಪ ಆರು ಸೆಂಟಿಮೀಟರ್‌ನಷ್ಟೇ. ಅತ್ತಿಯ ಬೆರಳ ತುದಿ ಸ್ಪಷ್ಟವಾದರೆ ಮೂಗುಬಟ್ಟು ಮಸುಕು. 8 ಅಡಿಗೆ ಹೋದರೆ ಒಂದು ಅಡಿಗಿಂತ ಜಾಸ್ತಿ ಸಿಗುತ್ತದೆ, ಮಾಮಾನ ಮುಖ, ಕೈ ಎರಡೂ ಕೂಡುತ್ತವೆ. ಹತ್ತಿರದಲ್ಲಿ ತೆಗೆಯುವಾಗ ನಾನು ಕಿಂಡಿಯನ್ನು ಎಫ್/2.8ಕ್ಕೆ ಕಿರಿದು ಮಾಡುತ್ತೇನೆ, ಆ ದಪ್ಪ ಜಾಸ್ತಿ ಆಗುತ್ತದೆ. ಫೋಕಸ್ ಬಿಂದು ಒಂದನ್ನೇ ಆರಿಸಿ ಬೆರಳ ಮೇಲೆ ಇಡುತ್ತೇನೆ. ಎಲ್ಲಿ ಫೋಕಸ್ ಮಾಡಬೇಕು ಅನ್ನುವುದನ್ನು ಕ್ಯಾಮೆರಾಕ್ಕೆ ಬಿಟ್ಟರೆ ಅದು ಹತ್ತಿರ ಕಂಡ ಮಗ್ಗದ ಕಟ್ಟಿಗೆಯನ್ನೇ ಹಿಡಿದು ಕೂರುತ್ತದೆ.

ಕುಣಿಕೆಯನ್ನೇ ಇನ್ನೂ ದೊಡ್ಡದಾಗಿ ತೋರಿಸಬೇಕೆಂದರೆ 35ರಿಂದ ಆಗುವುದಿಲ್ಲ. ಎಷ್ಟು ಹತ್ತಿರ ಹೋದರೂ ಅದರಲ್ಲಿ ಹದಿನೈದು ಸೆಂಟಿಮೀಟರ್ ಅಗಲದ ಜಾಗ ಬಂದೇ ಬರುತ್ತದೆ. ಇಲ್ಲಿ ಕಿಟ್ ಲೆನ್ಸೇ ಮುಂದು. ಎಎಫ್-ಪಿ 18-55ನ್ನು 55ಕ್ಕೆ ತಿರುಗಿಸಿ ಹತ್ತಿರ ಹೋದರೆ ಆರು ಸೆಂಟಿಮೀಟರ್ ಚಿಲ್ಲರೆ ಅಗಲ ಇಡೀ ಫೋಟೊ ತುಂಬುತ್ತದೆ, ಎಳೆ ಎಣಿಸಬಹುದು. ಕೂಡಿಸಿ ಮುಗಿದ ಎಳೆ ಓಡುವುದಿಲ್ಲವಾದ್ದರಿಂದ ಬೆಳಕು ಕಡಿಮೆಯಾದರೂ ನಡೆಯುತ್ತದೆ.

ಬಣ್ಣದ ವಿಷಯ ಒಂದಿದೆ. ಸೆರಗಿನ ಕುಂಕುಮ ಕೆಂಪು ಕ್ಯಾಮೆರಾಕ್ಕೆ ಕಷ್ಟ. ಕೆಂಪು ಒಂದೇ ಅತಿಯಾಗಿ ತುಂಬಿ, ನೇಯ್ಗೆಯ ಗೆರೆ ಅಳಿಸಿಹೋಗಿ ಬರೀ ಬಣ್ಣ ಬಳಿದ ಹಾಗೆ ಆಗುತ್ತದೆ. ಎಕ್ಸ್‌ಪೋಶರನ್ನು ಸ್ವಲ್ಪ ಕೆಳಗೆ ಇಡಿ, ರಾ ಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಲು ಬರುವ ಕಚ್ಚಾ ಫೈಲು) ತೆಗೆಯಿರಿ. ಸೆರಗಿನ ಟೋಪಿ ತೆನಿ ವಿನ್ಯಾಸದ ಬಿಳಿ ಚೂಪುಗಳೂ ಕೆಂಪಿನ ಎಳೆಗಳೂ ಎರಡೂ ಉಳಿಯುತ್ತವೆ. ಮನೆಯವರನ್ನು ಕೇಳಿಕೊಂಡು ಕೋಣೆಯ ಹಳದಿ ಬಲ್ಬನ್ನು ಆಫ್ ಮಾಡಿ. ಕಿಟಕಿಯ ಬೆಳಕು, ಬಲ್ಬಿನ ಬೆಳಕು ಸೇರಿದರೆ ಸೀರೆ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣ.

ಗುಳೇದಗುಡ್ಡದ ಖಣ ನೇಯುವ ಮನೆಗೂ ಹೋಗಬೇಕೆಂದಿದ್ದೇನೆ. ಅಲ್ಲಿ ಬಟ್ಟೆಯ ಅಗಲ ಸೀರೆಗಿಂತ ಬಹಳ ಕಡಿಮೆ. ಹಾಗಾಗಿ 50 ಎಂಎಂ ಕೂಡ ಸಾಲಬಹುದು. ಟೇಪು ಹಿಡಿದು ಕೋಣೆ ಅಳೆದ ಮೇಲೆ ಅದನ್ನು ಬರೆಯುತ್ತೇನೆ. ನೀವು ಅಂಗಡಿಗೆ ಹೋಗುವ ಮುಂಚೆ ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿ, ಒಂದು ಭಾನುವಾರ ಪೂರ್ತಿ ಮುಟ್ಟದೆ ಫೋಟೊ ತೆಗೆದು ನೋಡಿ. ಮರುವಾರ 50ಕ್ಕೆ ಇಟ್ಟು ತೆಗೆಯಿರಿ. ಯಾವ ದಿನ ಗೋಡೆಗೆ ಬೆನ್ನು ಜಾಸ್ತಿ ತಾಗಿತು ಅನ್ನುವುದು ನೆನಪಿರಲಿ. ಇನ್ನು, 35ರ ಮುಂದಿನ ಮುಚ್ಚಳ 52 ಎಂಎಂ, ಎಎಫ್-ಪಿ ಕಿಟ್ ಲೆನ್ಸಿನದು 55. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಫಿಲ್ಟರ್ ತಗೊಳ್ಳುವಾಗ ಅಳತೆ ನೋಡಿಯೇ ತಗೊಳ್ಳಿ.