ಎಂಟು ಅಕ್ಷರದ ಹೆಸರು, ಐವತ್ತೇಳು ಬೈಟ್

ಲಕ್ಷ್ಮೀನರಸಿಂಹಮೂರ್ತಿ. ಬೆರಳು ಮಡಿಚಿ ಎಣಿಸಿದರೆ ಎಂಟು ಅಕ್ಷರ: ಲ, ಕ್ಷ್ಮೀ, ನ, ರ, ಸಿಂ, ಹ, ಮೂ, ರ್ತಿ. ಕಂಪ್ಯೂಟರಿನ ಲೆಕ್ಕ ಬೇರೆ. ಒತ್ತಕ್ಷರ, ಗುಣಿತ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಇಟ್ಟುಕೊಳ್ಳುವುದರಿಂದ ಇದೇ ಹೆಸರು 19 ಯೂನಿಕೋಡ್ (ಎಲ್ಲ ಭಾಷೆಯ ಲಿಪಿಚಿಹ್ನೆಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಸಂಕೇತವಾಗುತ್ತದೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 57. ಸರ್ಕಾರಿ ಕಚೇರಿಯ ತಂತ್ರಾಂಶ ಬರೆದವರು ಡೇಟಾಬೇಸಿನಲ್ಲಿ ಹೆಸರಿನ ಕಾಲಂಗೆ 50 ಬೈಟ್ ಕೊಟ್ಟು ಕೂತಿದ್ದರೆ 16 ಸಂಕೇತಕ್ಕೆ ಜಾಗ ಮುಗಿಯಿತು. ಡೇಟಾಬೇಸ್ ದಾಖಲೆಯನ್ನೇ ತಿರಸ್ಕರಿಸುತ್ತದೆ. ನಡುವಿನ ಪ್ರೋಗ್ರಾಂ ಹೆಚ್ಚಿದ್ದನ್ನು ಕತ್ತರಿಸಿ ಕಳಿಸುವಂಥದ್ದಾದರೆ ಪ್ರಮಾಣಪತ್ರದಲ್ಲಿ 'ಲಕ್ಷ್ಮೀನರಸಿಂಹಮೂರ' ಎಂದು ಅಚ್ಚಾಗುತ್ತದೆ. ಆ ಕಾಗದ ಹಿಡಿದು ಬ್ಯಾಂಕಿಗೆ ಹೋದವರಿಗೆ ಹೆಸರು ತಾಳೆಯಾಗುತ್ತಿಲ್ಲ ಎಂಬ ಉತ್ತರ ಸಿಗುತ್ತದೆ.

ಬಳಕೆದಾರರ ಅಗತ್ಯ ಎಂದ ಕೂಡಲೇ ಬಟನ್ನಿನ ಬಣ್ಣ, ಮೆನುವಿನ ಜಾಗ ಮಾತಿಗೆ ಬರುತ್ತವೆ. ಅವೂ ಬೇಕು. ಆದರೆ ಕೌಂಟರಿನ ಮುಂದೆ ನಿಂತವರ ಮೊದಲ ಅಗತ್ಯ, ತಮ್ಮ ಹೆಸರು, ಊರು, ಜಮೀನು ಇದ್ದ ಹಾಗೇ ಒಳಗೆ ಹೋಗಿ ಇದ್ದ ಹಾಗೇ ಹೊರಗೆ ಬರಬೇಕು ಎಂಬುದು. ಅದು ಕೆಡುವುದು ಡೇಟಾಬೇಸಿನ ಟೇಬಲ್ಲುಗಳನ್ನು ಬರೆಯುವ ದಿನವೇ. ಆಮೇಲೆ ಸ್ಕ್ರೀನನ್ನು ಎಷ್ಟು ಚೆಂದ ಮಾಡಿದರೂ ಸರಿಹೋಗುವುದಿಲ್ಲ.

ಹೆಸರಿನಿಂದಲೇ ಶುರು ಮಾಡೋಣ. ಒರಾಕಲ್ ಡೇಟಾಬೇಸಿನಲ್ಲಿ ಕಾಲಂ ಅಳತೆ ಮಾಮೂಲಾಗಿ ಬೈಟ್‌ನಲ್ಲಿರುತ್ತದೆ, ಅದನ್ನು 'ಕ್ಯಾರೆಕ್ಟರ್' ಲೆಕ್ಕಕ್ಕೆ ಬದಲಿಸಿಕೊಳ್ಳಿ. ಮೈಎಸ್‌ಕ್ಯೂಎಲ್ ಹೇಗೂ ಸಂಕೇತಗಳನ್ನೇ ಎಣಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯೂನಿಕೋಡ್ ಹಿಡಿಯುವ 'ಎನ್‌ವಾರ್‌ಕ್ಯಾರ್' ಬಗೆಯ ಕಾಲಂ ಬಳಸದೆ, ಯುಟಿಎಫ್-8 ಕೂಡ ಆರಿಸಿಕೊಳ್ಳದೆ ಹಳೆಯ 'ವಾರ್‌ಕ್ಯಾರ್' ಇಟ್ಟರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಒಮ್ಮೆ ಹಾಗೆ ಉಳಿಸಿದ ಮೇಲೆ ಮೂಲ ಹೆಸರು ಮರಳಿ ಸಿಗುವುದಿಲ್ಲ. ಪೂರ್ಣ ಹೆಸರಿಗೆ ನನ್ನ ಲೆಕ್ಕದಲ್ಲಿ 150 ಸಂಕೇತಗಳ ಜಾಗ ಬೇಕು. ಡಿಸ್ಕ್ ಅಗ್ಗ, ಜನರ ಅಲೆದಾಟ ಅಗ್ಗವಲ್ಲ.

ಹುಡುಕುವಾಗ ಇನ್ನೊಂದು ತೊಡಕು. 'ವಿಜಯ್‌ಕುಮಾರ್' ಎಂದು ಬರೆಯುವಾಗ ಯಕಾರಕ್ಕೆ ಕಕಾರದ ಒತ್ತು ಬೀಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ, ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಒಬ್ಬ ಆಪರೇಟರ್ ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ, ಮತ್ತೊಬ್ಬರು 'ವಿಜಯಕುಮಾರ' ಎಂದೇ ಬರೆದಿರುತ್ತಾರೆ. 'ಕೊ' ಎಂಬುದನ್ನೂ ಎರಡು ರೀತಿಯಲ್ಲಿ ಉಳಿಸಬಹುದು: ಒಂದೇ ಒಕಾರದ ಚಿಹ್ನೆಯಾಗಿ, ಇಲ್ಲವೇ ಎಕಾರಕ್ಕೆ ಊಕಾರ ಸೇರಿಸಿ. ತೆರೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹಾಗಾಗಿ ಇದೇ ಮನುಷ್ಯನ ದಾಖಲೆ ಒಳಗಿದ್ದರೂ 'ದಾಖಲೆ ಲಭ್ಯವಿಲ್ಲ' ಎಂದು ಬರುತ್ತದೆ.

ಪರಿಹಾರ ಕಷ್ಟದ್ದಲ್ಲ. ಬರೆದ ಹೆಸರನ್ನು ಮುಟ್ಟದೆ ಹಾಗೇ ಇಡಿ, ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇನ್ನೊಂದು ಕಾಲಂ ಮಾಡಿ. ಅದಕ್ಕೆ ಹಾಕುವ ಮುನ್ನ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ (ಎರಡು ರೀತಿಯ 'ಕೊ' ಒಂದೇ ಆಗುವ ರೂಪ) ತನ್ನಿ, 200ಸಿ ಮತ್ತು ಅದರಂತೆಯೇ ಕಣ್ಣಿಗೆ ಕಾಣದ 200ಡಿ ಸಂಕೇತಗಳನ್ನು ತೆಗೆಯಿರಿ, ಚುಕ್ಕಿ ಮತ್ತು ಖಾಲಿ ಜಾಗ ತೆಗೆಯಿರಿ, 'ಹೆಚ್' ಇದ್ದದ್ದನ್ನು 'ಎಚ್' ಮಾಡಿ, ಆಮೇಲೆ ಸ್ವರ ಕಳೆಯುವ ್ ಚಿಹ್ನೆಗಳನ್ನೆಲ್ಲ ಬಿಡಿ (ಮಂಜುನಾಥ್, ಮಂಜುನಾಥ ಒಂದಾಗಲಿ; ಮೂರೂ ವಿಜಯ್‌ಕುಮಾರ್ ಒಂದಾಗಲಿ). ಹುಡುಕುವವರು ಟೈಪ್ ಮಾಡಿದ್ದಕ್ಕೂ ಇದೇ ಕ್ರಮ. ಈ ಕೊನೆಯದನ್ನು ಮರೆಯುವವರೇ ಹೆಚ್ಚು, ಮರೆತರೆ ಮೊದಲಿನದೆಲ್ಲ ದಂಡ.

ಹೆಸರಿನ ಕಟ್ಟು ಕೂಡ ಊರಿಂದೂರಿಗೆ ಬೇರೆ. ಹಳೇ ಮೈಸೂರು ಕಡೆ ಮುಂದೆ ಇನಿಷಿಯಲ್ಲು, ಊರಿನದೊಂದು, ತಂದೆಯದೊಂದು, ಕೊನೆಗೆ ಹೆಸರು. ಧಾರವಾಡ, ಬೆಳಗಾವಿ ಕಡೆ ಹೆಸರು, ತಂದೆಯ ಹೆಸರು, ಮನೆತನದ ಹೆಸರು: ಬಸವರಾಜ ಶಿವಪ್ಪ ಹಿರೇಮಠ ಎಂಬ ಹಾಗೆ. 'ಫಸ್ಟ್ ನೇಮ್', 'ಲಾಸ್ಟ್ ನೇಮ್' ಎಂದು ಎರಡು ಪೆಟ್ಟಿಗೆ ಇಟ್ಟು ಎರಡನೆಯದನ್ನು ಕಡ್ಡಾಯ ಮಾಡಿದರೆ ಮನೆತನದ ಹೆಸರೇ ಇಲ್ಲದವರು ಏನು ತುಂಬಬೇಕು? ಒಬ್ಬರು ಚುಕ್ಕಿ ಹಾಕುತ್ತಾರೆ, ಒಬ್ಬರು ಅಪ್ಪನ ಹೆಸರು, ಒಬ್ಬರು ತಮ್ಮ ಹೆಸರನ್ನೇ ಎರಡು ಸಲ. ಹೊರದೇಶಕ್ಕೆ ಹೋಗುವವರಿಗೆ ಇದರ ಬಿಸಿ ಇನ್ನೂ ಜಾಸ್ತಿ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಭಾರತೀಯರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ನಮ್ಮ ತಂತ್ರಾಂಶದಲ್ಲಾದರೂ 'ಪೂರ್ಣ ಹೆಸರು (ಆಧಾರ್‌ನಲ್ಲಿ ಇರುವಂತೆ)' ಎಂಬ ಒಂದೇ ಪೆಟ್ಟಿಗೆ ಸಾಕು.

ಇನ್ನು ಜಮೀನು. ಇಲ್ಲಿ ತಪ್ಪಾದರೆ ದುಡ್ಡಿನ ನಷ್ಟ, ಜಗಳ, ಕೋರ್ಟು. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಜನ 2-20 ಎಂದೋ 2.20 ಎಂದೋ ಬರೆಯುತ್ತಾರೆ. ಆ ಚುಕ್ಕಿ ದಶಾಂಶದ್ದಲ್ಲ. ಅದನ್ನು ದಶಾಂಶ ಸಂಖ್ಯೆಯಾಗಿ ಉಳಿಸಿದ ಗಳಿಗೆಯಿಂದ ಕೆಡಲು ಶುರು. ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 2.2 ಎಂದು ತೋರಿಸುತ್ತದೆ. ಅದು ಎರಡು ಗುಂಟೆಯೋ ಇಪ್ಪತ್ತು ಗುಂಟೆಯೋ ಆಮೇಲೆ ನೋಡಿದವರಿಗೆ ತಿಳಿಯದು. ಕೂಡಿಸಿದರೆ ಇನ್ನೂ ಅನಾಹುತ. ಅಣ್ಣನ ಪಾಲು 1.30, ತಮ್ಮನ ಪಾಲು 1.20. ಯಂತ್ರ ಹೇಳುವುದು 2.50. ನಿಜವಾದ ಉತ್ತರ ಮೂರು ಎಕರೆ ಹತ್ತು ಗುಂಟೆ. ಆ 2.50ನ್ನು ಯಾರಾದರೂ ಎರಡೂವರೆ ಎಕರೆ ಎಂದು ಓದಿಕೊಂಡರೆ 30 ಗುಂಟೆ ಮಾಯ. ಒಂದು ಗುಂಟೆ ಎಂದರೆ 1,089 ಚದರಡಿ, ಸಣ್ಣ ಮಾತಲ್ಲ.

ಸ್ಕ್ರೀನಿನಲ್ಲಿ ಎಕರೆ, ಗುಂಟೆ, ಆಣೆಗೆ ಮೂರು ಬೇರೆ ಪೆಟ್ಟಿಗೆ ಇಡಿ. ಗುಂಟೆಯಲ್ಲಿ 39 ದಾಟಲು, ಆಣೆಯಲ್ಲಿ 15 ದಾಟಲು ಬಿಡಬೇಡಿ. ಒಳಗೆ ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಉಳಿಸಿ: ಎಕರೆಗೆ 640 ಆಣೆ, 2-20 ಎಂದರೆ 1,600. ಕೂಡಿಸಿ ಕಳೆಯುವುದೆಲ್ಲ ಅಲ್ಲೇ ನಡೆಯಲಿ, ತೋರಿಸುವಾಗ ಮಾತ್ರ ಎಕರೆ-ಗುಂಟೆಗೆ ಏರಿಸಿ. ಪೆಟ್ಟಿಗೆಯ ಕೆಳಗೆ 'ಎರಡು ಎಕರೆ ಇಪ್ಪತ್ತು ಗುಂಟೆ' ಎಂದು ಅಕ್ಷರದಲ್ಲೂ ಬರಲಿ. ಸರ್ವೆ ನಂಬರ್ ಯಾವತ್ತೂ ಅಕ್ಷರವೇ, ಸಂಖ್ಯೆಯಲ್ಲ. 5/2 ಎಂದು ಎಕ್ಸೆಲ್‌ನಲ್ಲಿ ಟೈಪ್ ಮಾಡಿ ನೋಡಿ, ತಾರೀಖಾಗಿ ಕೂರುತ್ತದೆ. ಹಳೆಯ ಪಟ್ಟಿಗಳನ್ನು ಎಕ್ಸೆಲ್‌ನಿಂದ ತರುವವರು ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡಿಕೊಳ್ಳದಿದ್ದರೆ ಹೀಗೆ ನೂರಾರು ಸರ್ವೆ ನಂಬರುಗಳು ಸದ್ದಿಲ್ಲದೆ ಹಾಳಾಗುತ್ತವೆ.

ವಿಳಾಸಕ್ಕೆ 'ಸ್ಟ್ರೀಟ್ 1, ಸ್ಟ್ರೀಟ್ 2, ಸಿಟಿ' ಸಾಲದು. ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಬೇಕು. ಹೊಸಹಳ್ಳಿಗಳು ಎಷ್ಟೋ ಇವೆ; ಊರಿನ ಮೊದಲ ಎರಡಕ್ಷರ ಹೊಡೆದರೆ ಹೋಬಳಿ, ತಾಲ್ಲೂಕಿನ ಸಮೇತ ಪಟ್ಟಿ ಬರಲಿ, ಆರಿಸಿಕೊಳ್ಳಲಿ. ಹೆಸರನ್ನಲ್ಲ, ಕೋಡ್ ಉಳಿಸಿ. 2014ರ ನವೆಂಬರ್ 1ಕ್ಕೆ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಹುಟ್ಟಿತು. ಹೆಸರನ್ನೇ ಉಳಿಸಿಕೊಂಡ ಕಡೆ ಇಂಥ ಪ್ರತಿ ಬದಲಾವಣೆಗೂ ಹಳೆಯ ದಾಖಲೆಗಳನ್ನು ತಿದ್ದುತ್ತ ಕೂರಬೇಕು. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ವರ್ಷ ಮಾತ್ರ ತುಂಬಲು ಅವಕಾಶ ಕೊಟ್ಟು, ಪಕ್ಕದಲ್ಲಿ 'ಅಂದಾಜು' ಎಂದು ಗುರುತಿಸಿ. ಇಲ್ಲದಿದ್ದರೆ ಆಪರೇಟರ್ ಜನವರಿ 1 ಹಾಕುತ್ತಾರೆ, ಅದೇ ನಿಜವೆಂದು ಎಲ್ಲೆಡೆ ಹರಡುತ್ತದೆ.

ಇದನ್ನೆಲ್ಲ ಆಫೀಸಿನಲ್ಲಿ ಕೂತು ಊಹಿಸಲಾಗದು. ನಾಡಕಚೇರಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಅನುಮತಿ ಪಡೆದು ಎರಡು ದಿನ ಪಕ್ಕದಲ್ಲಿ ಕುಳಿತು ನೋಡಬೇಕು. ಅಲ್ಲಿ ಬಳಕೆದಾರರು ಇಬ್ಬರು: ಕೀಬೋರ್ಡ್ ಮುಂದಿನ ಆಪರೇಟರ್, ಮೇಜಿನಾಚೆ ನಿಂತ ರೈತ. ಆಪರೇಟರ್‌ಗೆ ಬೇಕಾದ್ದು ವೇಗ. ಕಾಗದದ ಅರ್ಜಿಯ ಕ್ರಮದಲ್ಲೇ ಪೆಟ್ಟಿಗೆಗಳಿರಬೇಕು, ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಲ್ಲೇ ಮುಂದೆ ಹೋಗಬೇಕು, ಕರೆಂಟು ಹೋದರೂ ತುಂಬಿದ್ದು ಉಳಿದಿರಬೇಕು. ಆಚೆ ನಿಂತವರಿಗೆ ಬೇಕಾದ್ದು ನಂಬಿಕೆ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲಿ ಪಹಣಿ ಕೊಡುವ ತಾಲ್ಲೂಕು ಕೇಂದ್ರಗಳಲ್ಲಿ ರೈತರ ಕಡೆಗೆ ಮುಖ ಮಾಡಿದ ಎರಡನೆಯ ಮಾನಿಟರ್ ಇಟ್ಟಿದ್ದರು, ತಮ್ಮ ಕೆಲಸ ನಡೆಯುವುದನ್ನು ರೈತರು ಕಣ್ಣಾರೆ ನೋಡಲೆಂದು. ತಪ್ಪನ್ನು ಅಲ್ಲೇ, ಅಚ್ಚಾಗುವ ಮುನ್ನವೇ ಹಿಡಿಯಲು ಇದಕ್ಕಿಂತ ಸರಳ ದಾರಿ ನನಗೆ ಕಾಣುವುದಿಲ್ಲ. ಎರಡನೆಯ ತೆರೆಗೆ ಹಣವಿಲ್ಲವೆಂದರೆ ಕರಡು ಪ್ರತಿಯನ್ನು ಮುದ್ರಿಸಿ ಓದಿ ಹೇಳುವ ಹಂತವನ್ನಾದರೂ ಸೇರಿಸಿ.

ಒಟಿಪಿ ಹೋಗುವ ಫೋನು ಎಷ್ಟೋ ಸಲ ಬೆಂಗಳೂರಿನಲ್ಲಿರುವ ಮಗನದ್ದು. ಕರೆ ಮಾಡಿ ಕೇಳಿ ಹೇಳುವಷ್ಟರಲ್ಲಿ ಎರಡು ನಿಮಿಷ ಕಳೆದಿರುತ್ತದೆ, ಹಾಗಾಗಿ ಗಡುವು ಹತ್ತು ನಿಮಿಷ ಇರಲಿ. ಕನ್ನಡದ ಎಸ್‌ಎಂಎಸ್‌ಗೆ 160 ಅಲ್ಲ, 70 ಸಂಕೇತವೇ ಮಿತಿ, ಅದಕ್ಕಿಂತ ಉದ್ದವಾದರೆ ತುಂಡಾಗಿ ಹೋಗುತ್ತದೆ. 'ಮಾನ್ಯರೇ, ತಾವು ಸಲ್ಲಿಸಿದ' ಎಂದು ಶುರು ಮಾಡಿ ಜಾಗ ಕಳೆಯದೆ ಅರ್ಜಿ ಸಂಖ್ಯೆ, ಏನಾಯಿತು, ಮತ್ತೆ ಯಾವತ್ತು ಬರಬೇಕು ಎಂಬ ಮೂರನ್ನು ಮೊದಲು ಹಾಕಿ.

ಪರೀಕ್ಷೆಗೆ 'ಟೆಸ್ಟ್ 1', 'ಎಬಿಸಿ' ಬೇಡ. ಕಷ್ಟದ ದಾಖಲೆಗಳ ಒಂದು ಕಡತ ಮಾಡಿಟ್ಟುಕೊಳ್ಳಿ: ಲಕ್ಷ್ಮೀನರಸಿಂಹಮೂರ್ತಿ, ಇನಿಷಿಯಲ್ಲೇ ಇಲ್ಲದ ಗೌರಮ್ಮ, ಮೂರು ರೀತಿಯ ವಿಜಯ್‌ಕುಮಾರ್, 1-30ಕ್ಕೆ 1-20 ಕೂಡಿಸುವ ಜಂಟಿ ಖಾತೆ, ಸರ್ವೆ ನಂಬರ್ 5/2, ವರ್ಷ ಮಾತ್ರ ಗೊತ್ತಿರುವ ಜನ್ಮದಿನ. ಪ್ರತಿ ಹೊಸ ಆವೃತ್ತಿ ಬಿಡುವ ಮುನ್ನ ಎಲ್ಲವನ್ನೂ ತುಂಬಿ, ಹುಡುಕಿ, ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಮೂಲದ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ತೆರೆಯ ಮೇಲೆ ಸರಿಯಿದ್ದ 'ರ್ತಿ' ಪ್ರಿಂಟರಿಗೆ ಹೋಗುವ ಪಿಡಿಎಫ್‌ನಲ್ಲಿ ಬಿಡಿಬಿಡಿಯಾಗಿ ಒಡೆದು ಬೀಳುವುದುಂಟು, ಫಾಂಟನ್ನು ಪಿಡಿಎಫ್ ಒಳಗೆ ಸೇರಿಸಿದ್ದರೂ ಅಕ್ಷರ ಜೋಡಿಸುವ ಎಂಜಿನ್ ಇಲ್ಲದ ಲೈಬ್ರರಿ ಬಳಸಿದ್ದರೆ ಹೀಗಾಗುತ್ತದೆ. ಅದು ಗೊತ್ತಾಗುವುದು ಕಾಗದ ಕೈಗೆ ಬಂದಾಗಲೇ.