ಒಂದು ಸೋಮವಾರ, ಎರಡು ಪೇಟೆ

7 ಏಪ್ರಿಲ್ 2025, ಸೋಮವಾರ
ಹಾವೇರಿ, ರಾತ್ರಿ 10.30

ಬೆಳಿಗ್ಗೆ ಒಂಬತ್ತೂವರೆಗೆ ಬ್ಯಾಡಗಿ ಪೇಟೆಯಲ್ಲಿ ಸೀನುತ್ತಾ ನಿಂತಿದ್ದೆ. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ವ್ಯಾಪಾರ. ಕಾಕಾನ ದಲಾಲಿ ಅಂಗಡಿಯ ಮಾರ್ಚ್ ಲೆಕ್ಕ ಮುಗಿಸಿಕೊಡುವುದು ವರ್ಷಕ್ಕೊಮ್ಮೆ ನನ್ನ ಪಾಲಿಗೆ ಬರುವ ಕೆಲಸ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಸಾಕು, ಊರಿಗಿಂತ ಮೊದಲು ಘಾಟು ಸಿಗುತ್ತದೆ. ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಹೆಸರಾದ ಕಾಯಿ. ಆದರೆ ಚೀಲಗಟ್ಟಲೆ ಸುರಿದಾಗ ನನ್ನ ಮೂಗು ಅದನ್ನೆಲ್ಲ ಕೇಳುವುದಿಲ್ಲ.

ಫೋನ್ ತೆಗೆದು ನೋಡಿದರೆ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ತೆರೆಯುತ್ತಲೇ 3,900 ಅಂಶಕ್ಕೂ ಜಾಸ್ತಿ ಬಿದ್ದಿತ್ತು. ಏಪ್ರಿಲ್ 2ಕ್ಕೆ ಟ್ರಂಪ್ ಸುಂಕದ ಪಟ್ಟಿ ಹಿಡಿದು ನಿಂತರು. 4ಕ್ಕೆ ಚೀನಾ ತಿರುಗಿ 34% ಹಾಕಿತು. ಶನಿವಾರ, ಭಾನುವಾರ ಎಲ್ಲರೂ ಮನೆಯಲ್ಲಿ ಕೂತು ಹೆದರಿದರು, ಇವತ್ತು ಬಾಗಿಲು ತೆರೆದ ಕೂಡಲೇ ಮಾರಲು ಓಡಿದರು. ಹಾಂಗ್‌ಕಾಂಗ್ ಪೇಟೆ ಒಂದೇ ದಿನ 13% ಕುಸಿಯಿತು. ನಮ್ಮದು ಸಂಜೆಗೆ ಸ್ವಲ್ಪ ಸುಧಾರಿಸಿಕೊಂಡು, 2,226 ಅಂಶ ಕಳೆದುಕೊಂಡು 73,137ಕ್ಕೆ ಬಂದು ನಿಂತಿತು.

ಕಾಕಾ ನನ್ನ ಮುಖ ನೋಡಿದ.

"ಯಾಕಲೇ, ಮಾರಿ ಹಂಗ್ಯಾಕ ಆಗೈತಿ? ನಿನ್ನ ಪೇಟಿ ಬಿತ್ತೇನ?"

"ಬಿದ್ದೈತಿ ಕಾಕಾ. ಜೋರ ಬಿದ್ದೈತಿ."

"ಇವತ್ತ ಮಾರಾವ ಇದ್ದೇನು ನೀ?"

"ಇಲ್ಲ."

"ಮತ್ತ ಧಾರಣಿ ಯಾಕ ನೋಡಾಕತ್ತಿ?"

ಉತ್ತರಕ್ಕೆ ಕಾಯಲಿಲ್ಲ. ಅಷ್ಟರಲ್ಲಿ ಒಬ್ಬ ರೈತ ತನ್ನ ಲಾಟಿನ ಹತ್ತಿರ ಕರೆದ. ಕಾಕಾ ಬಗ್ಗಿ ಒಂದು ಹಿಡಿ ಡಬ್ಬಿ ತಳಿಯ ಕಾಯಿ ಎತ್ತಿದ, ಮುಷ್ಟಿಯಲ್ಲಿ ಮೆಲ್ಲಗೆ ಒತ್ತಿದ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಒಣಗಿದ ಕಾಯಿಯಾದರೆ ಬೀಜ ಸದ್ದು ಮಾಡುತ್ತದೆ, ಹಸಿ ಇದ್ದರೆ ಸುಮ್ಮನಿರುತ್ತದೆ. ಆಮೇಲೆ ಒಂದನ್ನು ಮುರಿದು ಬೆರಳಿಗೆ ತಿಕ್ಕಿದ. ಬೆರಳು ಕೆಂಪಾಯಿತು. ರೈತ ಕೇಳಿದ್ದು ಒಂದೇ ಮಾತು: ಇವತ್ತು ಕೊಡಲೋ, ಇಡಲೋ?

ಧಾರಣೆ ಮುಂದೆ ಏರುತ್ತದೆ, ಇಳಿಯುತ್ತದೆ ಅಂತ ಕಾಕಾ ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ತಿರುಗಿ ಕೇಳಿದ: ಸಾಲ ಎಷ್ಟೈತಿ? ಬಡ್ಡಿ ಎಷ್ಟು? ಮನ್ಯಾಗ ಮದುವಿ ಏನರ ಐತೇನು? ಕೋಲ್ಡ್ ಸ್ಟೋರೇಜಿನ ಬಾಡಿಗೆ ಲೆಕ್ಕ ಹಾಕೀಯೇನು? ಅದೆಲ್ಲ ಮುಗಿದ ಮೇಲೆ ಪೇಟೆಯ ಮಾತು ಬಂತು. ಹೋದ ವರ್ಷದ ಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಇನ್ನೂ ಎಷ್ಟು ಕೂತಿದೆ, ಬಳ್ಳಾರಿ ಕಡೆಯಿಂದ, ಆಂಧ್ರದಿಂದ ಆವಕ ಹೇಗಿದೆ, ಕಾಯಿಯಿಂದ ಕೆಂಪು ಬಣ್ಣ ತೆಗೆಯುವ ಕಾರ್ಖಾನೆಯವರು ಕೈ ಹಾಕಿದ್ದಾರೋ ಇಲ್ಲವೋ.

ಕಾಕಾ ಇನ್ನೊಂದು ಮಾತು ಯಾವಾಗಲೂ ಹೇಳುತ್ತಾನೆ. ಬೆಳೆ ಪೇಟೆಗೆ ಬಂದ ಮೇಲೆ ಧಾರಣೆ ಬೀಳುತ್ತದೆ ಅನ್ನುವವನು ಹೊಸಬ. ಸಸಿ ಜಾಸ್ತಿ ನಾಟಿದ ಸುದ್ದಿ ಬಂದಾಗಲೇ ಖರೀದಿದಾರರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. 2023ರಲ್ಲಿ ಒಳ್ಳೆ ಧಾರಣೆ ಸಿಕ್ಕಿತು ಅಂತ ಎಲ್ಲ ಕಡೆ ಮೆಣಸಿನಕಾಯಿಯೇ ಹಾಕಿದರು. 2024ರ ಮಾರ್ಚ್ 11ರ ಸೋಮವಾರ ಇದೇ ಪೇಟೆಯಲ್ಲಿ ಧಾರಣೆ ಕುಸಿದು ವಾಹನಗಳಿಗೆ ಬೆಂಕಿ ಬಿತ್ತು. ಆ ದಿನವನ್ನು ಕಾಕಾ ಈಗಲೂ ಜಾಸ್ತಿ ಮಾತಾಡುವುದಿಲ್ಲ.

ಇದನ್ನೆಲ್ಲ ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಆದರೂ 2020ರಲ್ಲಿ ಏನು ಮಾಡಿದೆ? ಮಾರ್ಚ್ 23ಕ್ಕೆ ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ಅಂದರೆ 13% ಬಿತ್ತು. ನಾನು ಗಾಬರಿಯಿಂದ ಮಾರಲಿಲ್ಲ. ಅದಾಗಿದ್ದರೆ ನಾಚಿಕೆ ಕಡಿಮೆ ಇರುತ್ತಿತ್ತು. ಕೂತು, ಓದಿ, ಲೆಕ್ಕ ಹಾಕಿ ಮಾರಿದೆ. ಅಂಗಡಿ ಮುಚ್ಚಿವೆ, ಕಾರ್ಖಾನೆ ಮುಚ್ಚಿವೆ, ದೇಶದ ಉತ್ಪನ್ನ ನೆಲ ಕಚ್ಚುತ್ತದೆ ಅಂತ ಏಪ್ರಿಲ್ ಮೊದಲ ವಾರ, ಸೆನ್ಸೆಕ್ಸ್ 28 ಸಾವಿರದ ಆಸುಪಾಸು ಇದ್ದಾಗ ಎಲ್ಲ ತೆಗೆದೆ. ತಿಂಗಳಿಗೊಮ್ಮೆ ತಾನಾಗಿ ಹೂಡಿಕೆಗೆ ಹೋಗುವ ಕಂತು, ಎಸ್‌ಐಪಿಯನ್ನೂ ನಿಲ್ಲಿಸಿದೆ. ಆಗಸ್ಟ್ 31ಕ್ಕೆ ಅಂಕಿ ಬಂತು: ಏಪ್ರಿಲ್‌ನಿಂದ ಜೂನ್‌ವರೆಗೆ ಜಿಡಿಪಿ 23.9% ಕುಸಿತ. ನಾನು ಹೇಳಿದ್ದೇ ಆಯಿತು! ಅಷ್ಟೊತ್ತಿಗೆ ಸೆನ್ಸೆಕ್ಸ್ 38 ಸಾವಿರ ದಾಟಿ ನನ್ನನ್ನು ಬಿಟ್ಟು ಹೋಗಿತ್ತು. ಅಕ್ಟೋಬರ್‌ನಲ್ಲಿ 40 ಸಾವಿರದ ಮೇಲೆ ಮತ್ತೆ ಕೊಳ್ಳಲು ಶುರು ಮಾಡಿದೆ. ಆರ್ಥಿಕತೆಯ ಬಗ್ಗೆ ನನ್ನ ಅಂದಾಜು ಸರಿ, ಷೇರುಪೇಟೆಯ ಬಗ್ಗೆ ಪೂರ್ತಿ ತಪ್ಪು. ಸಸಿ ನಾಟಿದ ಸುದ್ದಿಗೇ ಅಲ್ಲಾಡುವ ಪೇಟೆಯಲ್ಲಿ ನಾನು ಸುಗ್ಗಿಯ ಲೆಕ್ಕ ಹಿಡಿದು ಕೂತಿದ್ದೆ.

ಅದಾದ ಮೇಲೆ ಅಂಕಿ ಓದುವುದನ್ನು ಬಿಟ್ಟಿಲ್ಲ, ಓದುವ ರೀತಿ ಬದಲಾಗಿದೆ. ಅಂಶ ನೋಡುವುದಿಲ್ಲ, ಶೇಕಡಾ ನೋಡುತ್ತೇನೆ. ಇವತ್ತಿನ 2,226 ಅಂಶ ಅಂದರೆ 3%ಕ್ಕಿಂತ ಸ್ವಲ್ಪ ಕಡಿಮೆ. 1992ರ ಏಪ್ರಿಲ್ 28ಕ್ಕೆ, ಹರ್ಷದ್ ಮೆಹ್ತಾ ಹಗರಣದ ಹೊತ್ತಿನಲ್ಲಿ, ಬಿದ್ದದ್ದು ಬರೀ 570 ಅಂಶ. ಆದರೆ ಅದು 12%ಕ್ಕೂ ಜಾಸ್ತಿ. ಟಿವಿಯವರಿಗೆ ದೊಡ್ಡ ಸಂಖ್ಯೆ ಬೇಕು, ಅಷ್ಟೇ. ಕಳೆದ ಸೆಪ್ಟೆಂಬರ್ 27ರ 85,978ರಿಂದ ಎಣಿಸಿದರೆ ಈಗ 15% ಕೆಳಗಿದ್ದೇವೆ. ನೋವಾಗುತ್ತದೆ, ಅಪರೂಪದ್ದೇನೂ ಅಲ್ಲ.

ಪಿಇ, ಅಂದರೆ ಷೇರಿನ ಬೆಲೆ ಕಂಪನಿಯ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ, ನೋಡುವವರಿಗೆ ಒಂದು ಮಾತು. ಸೆನ್ಸೆಕ್ಸ್‌ನಂಥದ್ದೇ ಇನ್ನೊಂದು ಸೂಚ್ಯಂಕ ನಿಫ್ಟಿಯ ಹಳೇ ಪಿಇ ಪಟ್ಟಿ ತೆಗೆದು "ಆಗ 40 ಇತ್ತು, ಈಗ ಎಷ್ಟು ಅಗ್ಗ ನೋಡಿ" ಅಂತ ವಾಟ್ಸಾಪಿನಲ್ಲಿ ಕಳಿಸುವವರು ಇವತ್ತೂ ಇದ್ದರು. 2021ರ ಮಾರ್ಚ್ 31ಕ್ಕೆ ಆ ಪಿಇ 40ರ ಹತ್ತಿರದಿಂದ ಒಂದೇ ದಿನ 33ರ ಹತ್ತಿರಕ್ಕೆ ಇಳಿಯಿತು. ಷೇರು ಬಿದ್ದು ಅಲ್ಲ. ಅಲ್ಲಿಯವರೆಗೆ ಬರೀ ಮೂಲ ಕಂಪನಿಯ ಲಾಭ ಹಿಡಿಯುತ್ತಿದ್ದರು, ಅವತ್ತಿನಿಂದ ಅಂಗಸಂಸ್ಥೆಗಳ ಲಾಭವನ್ನೂ ಸೇರಿಸಿದರು. ತೂಕದ ಕಲ್ಲೇ ಬದಲಾದ ಮೇಲೆ ಹಳೇ ತೂಕಕ್ಕೂ ಹೊಸ ತೂಕಕ್ಕೂ ಹೋಲಿಕೆ ಎಲ್ಲಿಂದ?

ನಾಡಿದ್ದು 9ಕ್ಕೆ ರಿಸರ್ವ್ ಬ್ಯಾಂಕ್ ಬಡ್ಡಿಯ ನಿರ್ಧಾರ ಹೇಳುತ್ತದೆ. ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ರೆಪೊ, 2023ರ ಫೆಬ್ರುವರಿಯಿಂದ ಎರಡು ವರ್ಷ 6.5%ಕ್ಕೇ ನಿಂತಿತ್ತು, ಈ ಫೆಬ್ರುವರಿಯಲ್ಲಿ 6.25% ಆಯಿತು. ಫೆಬ್ರುವರಿಯ ಹಣದುಬ್ಬರ 3.61% ಇರುವಾಗ ಇನ್ನೂ ಇಳಿಸಲು ಜಾಗ ಇದೆ ಅನಿಸುತ್ತದೆ. ಮಾರ್ಚ್ ಜಿಎಸ್‌ಟಿ 1.96 ಲಕ್ಷ ಕೋಟಿ ಬಂದಿದೆ, ಅಂದರೆ ಅಂಗಡಿಗಳಲ್ಲಿ ವ್ಯಾಪಾರ ನಿಂತಿಲ್ಲ. ಇವನ್ನು ಓದಿ ನಾಳೆ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಎಫ್‌ಡಿ ಬಡ್ಡಿ ಇಳಿಯುವ ಮೊದಲು ಮಗಳ ಕಾಲೇಜಿನ ಹಣವನ್ನು ಎರಡು ವರ್ಷಕ್ಕೆ ಕಟ್ಟಿಡಬೇಕು, ಇವತ್ತಿನ ಓದಿನಿಂದ ಹುಟ್ಟಿದ ಕೆಲಸ ಅದೊಂದೇ. ಆ ಹಣ ಷೇರಿನಲ್ಲಿ ಇದ್ದಿದ್ದರೆ ಬೆಳಿಗ್ಗೆ ನಾನೂ ಓಡುತ್ತಿದ್ದೆ.

ಸಂಜೆ ಹೊರಡುವಾಗ ಕಾಕಾ ಕೇಳಿದ, "ಅಮೆರಿಕದಾವ ಸುಂಕ ಹಾಕಿದ್ರ ನಮ್ಮ ಕಾಯಿ ಬಣ್ಣದ ಗತಿ ಏನು?" ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ, "ಹದಿನೈದ ದಿನ ಸುಮ್ನ ಕುಂದರ್ತಾರ. ಕೆಂಪು ಬೇಕಾದಾವ ಎಲ್ಲಿ ಹೋಗ್ತಾನ?"

ರೈತ ಅರ್ಧ ಲಾಟು ಕೊಟ್ಟ, ಅರ್ಧ ಇಟ್ಟ. ನನ್ನ ಎಸ್‌ಐಪಿ 10ಕ್ಕೆ. ಅವತ್ತು ಮಹಾವೀರ ಜಯಂತಿ, ಷೇರುಪೇಟೆಗೆ ರಜಾ. 11ಕ್ಕೆ ಹೋಗುತ್ತದೆ. ಅಂಗಿಯ ಘಾಟು ಹೋಗಿಲ್ಲ ಅಂತ ಅವ್ವ ಅದನ್ನು ಹಿತ್ತಲಿನ ತಂತಿಗೆ ಹಾಕಿದ್ದಾಳೆ.